ಇಸ್ಲಾಂ ಧರ್ಮ ಬೆಳೆದ ಬಗೆ: ಸಂಖ್ಯೆಯೂ ಸತ್ಯವೂ

ಒಂದು ಧರ್ಮವನ್ನು ಅನುಸರಿಸುವವರ ಸಂಖ್ಯೆ ಹೆಚ್ಚಿತೆಂಬ ವಾರ್ತೆ ಹೊರಬಿದ್ದೊಡನೆಯೇ ಎರಡು ಭಾವಗಳು ತಲೆಯೆತ್ತುತ್ತವೆ. ಆ ಧರ್ಮಕ್ಕೆ ಸೇರಿದವರಲ್ಲಿ ಹೆಮ್ಮೆ, ಸೇರದವರಲ್ಲಿ ಅಂಜಿಕೆ. ಹೆಮ್ಮೆಪಡುವವನು, ಸತ್ಯವಿಲ್ಲದೆ ಇಷ್ಟು ಜನ ನಂಬುವರೆ ಎನ್ನುತ್ತಾನೆ. ಅಂಜುವವನು, ಮೋಸವೋ ಬಲಾತ್ಕಾರವೋ ಇಲ್ಲದೆ ಇಷ್ಟು ಜನ ಸೇರುವರೆ ಎನ್ನುತ್ತಾನೆ. ಇಬ್ಬರೂ ಸಂಖ್ಯೆಯನ್ನೇ ಸಾಕ್ಷಿಯಾಗಿ ಕರೆಯುತ್ತಾರೆ. ಆದರೆ ಆ ಸಾಕ್ಷಿಯನ್ನು ಪಾಟೀಸವಾಲಿಗೆ ಒಳಪಡಿಸುವವರು ವಿರಳ.

ಇಸ್ಲಾಂ ಧರ್ಮದ ವಿಷಯದಲ್ಲಿ ಈ ಹೆಮ್ಮೆ ಅಂಜಿಕೆಗಳೆರಡೂ ಇಂದು ಲೋಕದ ಎಲ್ಲೆಡೆಯಲ್ಲಿಯೂ ಕಾಣಬರುತ್ತಿವೆ. ಅಮೇರಿಕದ ಪ್ಯೂ ಸಂಶೋಧನಾ ಕೇಂದ್ರವು 2025ರಲ್ಲಿ ಹೊರತಂದ ವರದಿಯಂತೆ, 2010ರಿಂದ 2020ರವರೆಗಿನ ಹತ್ತು ವರ್ಷಗಳಲ್ಲಿ ಮುಸಲ್ಮಾನರ ಸಂಖ್ಯೆ 34 ಕೋಟಿ 70 ಲಕ್ಷದಷ್ಟು ಹೆಚ್ಚಿ ಸುಮಾರು 200 ಕೋಟಿಗೆ ಮುಟ್ಟಿತು. ಭೂಮಿಯ ಮೇಲಿನ ನಾಲ್ವರಲ್ಲಿ ಒಬ್ಬರು ಮುಸಲ್ಮಾನರೆಂದಾಯಿತು. ಕ್ರಿಸ್ತಧರ್ಮೀಯರು ಈಗಲೂ ಇವರಿಗಿಂತ ಹೆಚ್ಚಿನವರಾದರೂ ಆ ಹತ್ತು ವರ್ಷಗಳಲ್ಲಿ ಅತಿ ವೇಗವಾಗಿ ಬೆಳೆದ ದೊಡ್ಡ ಧರ್ಮವೆಂದರೆ ಇಸ್ಲಾಂ ಧರ್ಮವೇ. ಇದಕ್ಕೆ ಕಾರಣವೇನು? ಆ ಕಾರಣಗಳನ್ನು ತಿಳಿದ ಮೇಲೆ ಈ ಸಂಖ್ಯೆಯಿಂದ ಧರ್ಮದ ಬೆಲೆಯನ್ನು ಕಟ್ಟಲು ಬರುವುದೆ? ಮೊದಲನೆಯದು ಇತಿಹಾಸದ ಪ್ರಶ್ನೆ. ಎರಡನೆಯದು ಧರ್ಮದ ಪ್ರಶ್ನೆ. ಮೊದಲನೆಯದಕ್ಕೆ ಪ್ರಾಮಾಣಿಕವಾದ ಉತ್ತರವಿಲ್ಲದೆ ಎರಡನೆಯದಕ್ಕೆ ಕೈಹಾಕುವುದು ಸಲ್ಲದು.

ಲೋಕರೂಢಿಯ ಉತ್ತರವೆಂದರೆ ಕತ್ತಿ. ಪೈಗಂಬರ ಮಹಮ್ಮದರು 632ರಲ್ಲಿ ದೇಹವಿಟ್ಟ ನೂರು ವರ್ಷಗಳೊಳಗೆ ಅರಬರ ಸೇನೆ ಪಶ್ಚಿಮದಲ್ಲಿ ಸ್ಪೇನ್ ದೇಶವನ್ನೂ ಪೂರ್ವದಲ್ಲಿ ಸಿಂಧವನ್ನೂ ಮುಟ್ಟಿದುದು ನಿಜ. ರೋಮನ್ನರ ಕೈಯಲ್ಲಿದ್ದ ಸಿರಿಯ ಈಜಿಪ್ಟುಗಳು ಹೋದವು. ಪಾರಸಿಕ ಸಾಮ್ರಾಜ್ಯವಂತೂ ಹೇಳಹೆಸರಿಲ್ಲದಂತಾಯಿತು. ಆದರೆ ರಾಜ್ಯವನ್ನು ಗೆಲ್ಲುವುದು ಬೇರೆ, ಮನಸ್ಸನ್ನು ಗೆಲ್ಲುವುದು ಬೇರೆ. ಇವೆರಡರ ನಡುವೆ ಎಷ್ಟು ಕಾಲ ಕಳೆಯಿತೆಂಬುದನ್ನು ರಿಚರ್ಡ್ ಬುಲಿಯೆಟ್ ಎಂಬ ಇತಿಹಾಸಕಾರರು 1979ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಸೊಗಸಾದ ಉಪಾಯದಿಂದ ತೋರಿಸಿಕೊಟ್ಟರು. ಪಾರಸಿಕ ದೇಶದ ಪಟ್ಟಣಗಳಲ್ಲಿ ವಿದ್ವಾಂಸರ ಚರಿತಕೋಶಗಳನ್ನು ಬರೆದಿಡುವ ಪದ್ಧತಿಯಿದ್ದಿತು. ಅವುಗಳಲ್ಲಿ ಒಬ್ಬೊಬ್ಬನ ಹೆಸರಿನೊಡನೆ ತಂದೆ, ಅಜ್ಜ, ಮುತ್ತಜ್ಜ ಎಂದು ವಂಶಾವಳಿ ಹಿಂದಕ್ಕೆ ಹೋಗುತ್ತದೆ. ಅರಬ್ಬೀ ಹೆಸರುಗಳು ಮುಗಿದು ಪಾರಸಿಕ ಹೆಸರು ಬಂದ ತಲೆಮಾರೇ ಮತಾಂತರದ ತಲೆಮಾರು. ಹೀಗೆ ನೂರಾರು ವಂಶಾವಳಿಗಳನ್ನು ಎಣಿಸಿ ನೋಡಿದಾಗ, ಅರಬರು ಆ ದೇಶವನ್ನು ಗೆದ್ದ ನೂರು ವರ್ಷಗಳ ಮೇಲೂ ಮುಸಲ್ಮಾನರಾಗಿದ್ದವರು ಹತ್ತರಲ್ಲಿ ಒಬ್ಬರಷ್ಟೇ ಎಂದೂ, ಅರ್ಧದಷ್ಟು ಜನ ಸೇರುವ ವೇಳೆಗೆ ಒಂಬತ್ತನೆಯ ಶತಮಾನ ಬಂದಿತ್ತೆಂದೂ ಅವರು ಅಂದಾಜು ಮಾಡಿದರು. ಈಜಿಪ್ಟಿನಲ್ಲಿ ಕ್ರೈಸ್ತರೇ ಬಹುಸಂಖ್ಯಾತರಾಗಿ ಇನ್ನೂ ದೀರ್ಘಕಾಲ ಉಳಿದರು. ಕತ್ತಿಯ ಕೆಲಸ ಇಷ್ಟು ನಿಧಾನವಾಗಿ ನಡೆಯುವುದಿಲ್ಲ.

ಅಷ್ಟೇ ಅಲ್ಲ, ಗೆದ್ದ ದೊರೆಗಳಿಗೆ ಪ್ರಜೆಗಳು ಮತಾಂತರವಾಗುವುದು ಲಾಭಕರವಾಗಿಯೂ ಇರಲಿಲ್ಲ. ಮುಸಲ್ಮಾನರಲ್ಲದವರು ಜೆಜಿಯಾ ಎಂಬ ತಲೆಗಂದಾಯವನ್ನು ಕೊಡಬೇಕಾಗಿತ್ತು; ಮತಾಂತರಗೊಂಡವನು ಅದರಿಂದ ಪಾರಾಗುತ್ತಿದ್ದನು. ಬೊಕ್ಕಸಕ್ಕೆ ನಷ್ಟ! ಇರಾಕಿನ ಅಧಿಪತಿಯಾಗಿದ್ದ ಅಲ್-ಹಜ್ಜಾಜನು ಹೊಸದಾಗಿ ಧರ್ಮಕ್ಕೆ ಸೇರಿ ಪಟ್ಟಣಕ್ಕೆ ಬಂದ ಒಕ್ಕಲುಗಳನ್ನು ಹಳ್ಳಿಗಳಿಗೆ ಹಿಂದಿರುಗಿಸಿ ಕಂದಾಯವನ್ನು ವಸೂಲು ಮಾಡುತ್ತಲೇ ಇದ್ದನು. ತರುವಾಯ ಬಂದ ಖಲೀಫ ಎರಡನೆಯ ಉಮರನು (717-720) ಇದನ್ನು ಅಧರ್ಮವೆಂದು ಬಗೆದು ನಿಲ್ಲಿಸಿದನು. ಪೈಗಂಬರರನ್ನು ದೇವರು ಕಳುಹಿಸಿದ್ದು ಜನರನ್ನು ಕರೆಯಲೆಂದೇ ಹೊರತು ಸುಂಕ ಎತ್ತಲೆಂದಲ್ಲ ಎಂಬ ಅಭಿಪ್ರಾಯವನ್ನು ಅವನು ತನ್ನ ಅಧಿಕಾರಿಗೆ ಬರೆದನೆಂದು ಪರಂಪರೆ ಹೇಳುತ್ತದೆ. ಧರ್ಮಕ್ಕೆ ಸೇರುವವರನ್ನು ಅದೇ ಧರ್ಮದ ಅಧಿಕಾರಿಗಳೇ ತಡೆದ ಈ ಸಂಗತಿ ಕತ್ತಿಯ ಕಥೆಯನ್ನೇ ನಂಬಿದವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ತಲೆಗಂದಾಯದ ಭಾರ, ಕೆಳಗಿನ ಪ್ರಜೆಯೆಂಬ ಅವಮಾನ, ರಾಜಸೇವೆಯ ಆಸೆ ಇವೆಲ್ಲ ತಲೆಮಾರುಗಳ ಮೇಲೆ ನಿಧಾನವಾಗಿ ಒತ್ತಡವನ್ನು ತಂದುವೆಂಬುದನ್ನೂ ಮರೆಯಲಾಗದು. ಅದು ಕತ್ತಿಯಲ್ಲ, ಹಾಗೆಂದು ನಿರ್ಮಲವಾದ ಸ್ವಾತಂತ್ರ್ಯವೂ ಅಲ್ಲ.

ಬಲಾತ್ಕಾರವೇ ನಡೆಯಲಿಲ್ಲವೆಂದು ಹೇಳುವವರೂ ಸತ್ಯಕ್ಕೆ ಅಪಚಾರ ಮಾಡುತ್ತಾರೆ. ಮತದಲ್ಲಿ ಬಲಾತ್ಕಾರವನ್ನು ಅಲ್ಲಗಳೆಯುವ ವಿಧಿ ಕುರಾನಿನ ಎರಡನೆಯ ಅಧ್ಯಾಯದಲ್ಲಿಯೇ ಇದ್ದರೂ, ಹನ್ನೆರಡನೆಯ ಶತಮಾನದಲ್ಲಿ ಉತ್ತರ ಆಫ್ರಿಕ ಮತ್ತು ಸ್ಪೇನುಗಳನ್ನು ಆಳಿದ ಅಲ್ಮೊಹಾದರು ಯಹೂದ್ಯರನ್ನೂ ಕ್ರೈಸ್ತರನ್ನೂ ಬಲವಂತದಿಂದ ಮತಾಂತರಗೊಳಿಸಿದರು. ಕನ್ನಡ ನಾಡಿನ ಕರಾವಳಿಯಲ್ಲಿಯೂ ಇದಕ್ಕೆ ನಿದರ್ಶನವುಂಟು. 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾದ ಕ್ಯಾಥೊಲಿಕ್ ಕ್ರೈಸ್ತರನ್ನು ಸಾವಿರಗಟ್ಟಲೆಯಾಗಿ ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು; ದಾರಿಯಲ್ಲಿ ಸತ್ತವರು ಅನೇಕರು, ಸೆರೆಯಲ್ಲಿ ಬಲವಂತದಿಂದ ಮತಾಂತರಗೊಂಡವರು ಅನೇಕರು. 1799ರಲ್ಲಿ ಸುಲ್ತಾನನು ಮಡಿದ ಮೇಲೆ ಬದುಕುಳಿದವರು ಮಂಗಳೂರಿನ ಸೀಮೆಗೆ ಹಿಂದಿರುಗಿದರು. ಹಿಂದಿರುಗಿ ತಮ್ಮ ಇಗರ್ಜಿಗಳನ್ನು ಮತ್ತೆ ಕಟ್ಟಿಕೊಂಡರು. ಹದಿನೈದು ವರ್ಷಗಳ ಸೆರೆ ಅವರ ಮೈಯನ್ನು ಹಣ್ಣುಮಾಡಿತ್ತೇ ಹೊರತು ಅವರ ಪ್ರಾರ್ಥನೆಯನ್ನು ಬದಲಾಯಿಸಿರಲಿಲ್ಲ.

ಇಲ್ಲಿ ಒಂದು ಆಕ್ಷೇಪಣೆಗೆ ಎಡೆಯಿದೆ. ಆ ಸೆರೆ ಹದಿನೈದು ವರ್ಷಗಳ ಬದಲು ನೂರು ವರ್ಷಗಳಾಗಿದ್ದರೆ? ಹೆದರಿ ಸೇರಿದ ಅಜ್ಜನ ಮೊಮ್ಮಗನು ಹೆದರಿಕೆಯನ್ನೇ ಅರಿಯದೆ ಭಕ್ತಿಯಿಂದ ನಮಾಜು ಮಾಡುತ್ತಾನೆ. ಕಂದಾಯ ತಪ್ಪಿಸಿಕೊಳ್ಳಲು ಸೇರಿದವನ ಮರಿಮಗನು ಮಹಾವಿದ್ವಾಂಸನಾಗುತ್ತಾನೆ. ಬುಲಿಯೆಟ್ ಅವರು ಎಣಿಸಿದ ವಂಶಾವಳಿಗಳ ತುಂಬ ಇರುವವರು ಇಂತಹ ಮರಿಮಕ್ಕಳೇ. ಯುರೋಪಿನ ಉತ್ತರ ಭಾಗದ ಎಷ್ಟೋ ಜನಾಂಗಗಳು ಕ್ರೈಸ್ತರಾದುದೂ ರಾಜಾಜ್ಞೆಯ ಮೂಲಕವೇ. ಅವರ ಸಂತತಿಯ ಭಕ್ತಿಯನ್ನು ಯಾರೂ ಸುಳ್ಳೆನ್ನುವುದಿಲ್ಲ. ಆದುದರಿಂದ ಹುಟ್ಟಿದ ಬಗೆಯನ್ನು ಹಿಡಿದು ನಂಬಿಕೆಯ ಬೆಲೆಯನ್ನು ಕಟ್ಟಲಾಗದು. ಅಜ್ಜನ ಮೇಲೆ ನಡೆದ ಅನ್ಯಾಯವು ಅನ್ಯಾಯವೇ. ಮೊಮ್ಮಗನ ನಂಬಿಕೆ ನಂಬಿಕೆಯೇ. ಒಂದನ್ನು ಒಪ್ಪಲು ಇನ್ನೊಂದನ್ನು ಅಲ್ಲಗಳೆಯಬೇಕಾಗಿಲ್ಲ.

ಇನ್ನು ಕತ್ತಿಯೇ ಹೋಗದ ದೇಶಗಳ ಕಡೆಗೆ ತಿರುಗಿದರೆ ಕಥೆ ಬೇರೆಯಾಗಿಯೇ ಸಾಗುತ್ತದೆ. 2020ರ ಲೆಕ್ಕದಂತೆ ಅತ್ಯಧಿಕ ಮುಸಲ್ಮಾನರಿರುವ ದೇಶ ಅರೇಬಿಯವಲ್ಲ, ಇಂಡೊನೇಷ್ಯ. ಅಲ್ಲಿಗೆ ಹೊರಗಿನಿಂದ ಯಾವ ಮುಸಲ್ಮಾನ ಸೇನೆಯೂ ದಂಡೆತ್ತಿ ಹೋಗಲಿಲ್ಲ. ಹೋದುದು ಹಡಗು, ಹಡಗಿನಲ್ಲಿ ಗುಜರಾತಿನ ಬಟ್ಟೆ, ಮಲಬಾರಿನ ಮೆಣಸು, ಅವುಗಳೊಡನೆ ವರ್ತಕನ ನಂಬಿಕೆ. ಸುಮಾತ್ರದ ಉತ್ತರ ತೀರದ ಸಮುದ್ರ-ಪಾಸೈ ಎಂಬ ರೇವಿನಲ್ಲಿ 1297ರಲ್ಲಿ ತೀರಿಕೊಂಡ ಸುಲ್ತಾನ ಮಲಿಕ್ ಅಲ್-ಸಾಲಿಹನ ಗೋರಿಗಲ್ಲು ಇಂದಿಗೂ ಉಂಟು. ಮುಂದಿನ ಕಾಲದಲ್ಲಿ ಅದೇ ತೀರದ ಶ್ರೀಮಂತರು ತಮ್ಮ ಗೋರಿಗಳಿಗೆಂದು ಗುಜರಾತಿನ ಖಂಬಾಯತಿನಿಂದ ಕೆತ್ತಿದ ಅಮೃತಶಿಲೆಗಳನ್ನು ತರಿಸಿಕೊಂಡರು. ಬದುಕಿನ ಸರಕು ಬಂದ ಹಾದಿಯಲ್ಲಿಯೇ ಸಾವಿನ ಕಲ್ಲೂ ಬಂದಿತು.

ವರ್ತಕನ ಧರ್ಮ ಏಕೆ ಹಿಡಿಯಿತು? ರೇವಿನಿಂದ ರೇವಿಗೆ ತಿರುಗುವವನಿಗೆ ಬೇಕಾದುದು ನಂಬಿಕಸ್ತ ಜನ. ಹೊನ್ನಾವರದಲ್ಲಿ ಬರೆದ ಕರಾರು ಮಲಾಕ್ಕದಲ್ಲಿ ನಡೆಯಬೇಕು. ದಾರಿಯಲ್ಲಿ ಸತ್ತರೆ ಅವನ ಸರಕು ವಾರಸುದಾರರಿಗೆ ಸೇರಬೇಕು. ಹೊಸ ಊರಿನಲ್ಲಿ ಉಣ್ಣಲು ಮಲಗಲು ಎಡೆ ಸಿಗಬೇಕು. ಕರಾರು, ಪಾಲುದಾರಿಕೆ, ವಾರಸುಗಳಿಗೆ ಒಂದೇ ಬಗೆಯ ಶಾಸ್ತ್ರ, ತೀರ್ಮಾನ ಹೇಳಲು ಖಾಜಿ, ಬಿಡಾರಕ್ಕೆ ಮಸೀದಿ, ಇಷ್ಟನ್ನೂ ಇಸ್ಲಾಂ ಒಟ್ಟಿಗೆ ಒದಗಿಸಿತು. ರೇವಿನ ದೊರೆಗೆ ವರ್ತಕರು ತನ್ನಲ್ಲಿಗೇ ಬರಲೆಂಬ ಆಸೆ. ಮಲಾಕ್ಕದ ಅರಸರು ಹದಿನೈದನೆಯ ಶತಮಾನದಲ್ಲಿ ಮುಸಲ್ಮಾನರಾದ ಮೇಲೆ ಆ ಪಟ್ಟಣ ಪೂರ್ವ ಸಮುದ್ರದ ದೊಡ್ಡ ಪೇಟೆಯಾಯಿತು. 1511ರಲ್ಲಿ ಪೋರ್ಚುಗೀಸರು ಅದನ್ನು ಹಿಡಿದುದರಿಂದ ಧರ್ಮ ಕುಗ್ಗಲಿಲ್ಲ. ಅಲ್ಲಿಂದ ಚದುರಿದ ವರ್ತಕರೂ ಗುರುಗಳೂ ಬೇರೆ ಬೇರೆ ದ್ವೀಪಗಳ ರೇವುಗಳಿಗೆ ಅದನ್ನು ಕೊಂಡೊಯ್ದರು. ಜಾವಾ ದ್ವೀಪದಲ್ಲಿ ದೇಶೀಯ ಅರಸರ ನಡುವೆಯೇ ಯುದ್ಧಗಳಾದುವು, ಅದು ಬೇರೆ ಮಾತು; ಆದರೆ ಅಲ್ಲಿನ ಜನ ನೆನೆಯುವುದು ಒಂಬತ್ತು ಮಂದಿ ಸಂತರನ್ನು. ಅವರಲ್ಲಿ ಸುನಾನ್ ಕಾಲಿಜಾಗ ಎಂಬವರು ರಾಮಾಯಣ ಭಾರತಗಳ ತೊಗಲುಗೊಂಬೆಯಾಟವನ್ನೇ ಉಪದೇಶಕ್ಕೆ ಬಳಸಿಕೊಂಡರೆಂಬ ಐತಿಹ್ಯವಿದೆ. ಹಳೆಯದನ್ನು ಒಡೆದುಹಾಕದೆ ಅದರ ಪಕ್ಕದಲ್ಲಿಯೇ ಕುಳಿತುಕೊಳ್ಳುವ ಈ ಜಾಣ್ಮೆಯನ್ನು ಅರೇಬಿಯದ ಕಟ್ಟುನಿಟ್ಟಿನ ಪಂಡಿತರು ಮೆಚ್ಚಿದರೆಂದಲ್ಲ.

ಹೊನ್ನಾವರದ ಹೆಸರು ಇಲ್ಲಿ ಬಂದುದು ಕೇವಲ ಅಲಂಕಾರಕ್ಕಲ್ಲ. ಮೊರಾಕೊ ದೇಶದ ಪ್ರವಾಸಿ ಇಬ್ನ್ ಬತೂತನು ಹದಿನಾಲ್ಕನೆಯ ಶತಮಾನದ ನಡುಭಾಗದಲ್ಲಿ ಅಲ್ಲಿಗೆ ಬಂದಿದ್ದನು. ಅಲ್ಲಿನ ಮುಸಲ್ಮಾನ ಒಡೆಯ ಜಮಾಲುದ್ದೀನನು ಹಿಂದೂ ದೊರೆಯೊಬ್ಬನಿಗೆ ಅಧೀನನಾಗಿದ್ದನೆಂದು ಅವನು ಬರೆದಿದ್ದಾನೆ. ಆ ದೊರೆ ವಿಜಯನಗರದ ಹರಿಹರನೆಂದು ವಿದ್ವಾಂಸರು ಗುರುತಿಸುತ್ತಾರೆ. ಪ್ರವಾಸಿಯನ್ನು ಬೆರಗುಗೊಳಿಸಿದುದು ಬೇರೊಂದು ಸಂಗತಿ. ಆ ಊರಿನ ಹೆಂಗಸರಿಗೆ ಕುರಾನ್ ಕಂಠಪಾಠವಾಗಿತ್ತು. ಗಂಡುಮಕ್ಕಳಿಗೆ 23 ಶಾಲೆಗಳೂ ಹೆಣ್ಣುಮಕ್ಕಳಿಗೆ 13 ಶಾಲೆಗಳೂ ಇದ್ದುವು. ಲೋಕವನ್ನೆಲ್ಲ ಸುತ್ತಿದ ಅವನು ಬೇರೆಲ್ಲಿಯೂ ಇದನ್ನು ಕಂಡಿರಲಿಲ್ಲವಂತೆ. ಪರಧರ್ಮದ ಅರಸನ ನೆರಳಿನಲ್ಲಿ, ದಂಡಿನ ಭಯವಿಲ್ಲದ ಒಂದು ಸಣ್ಣ ರೇವಿನಲ್ಲಿ, ಧರ್ಮವೊಂದು ತಾಯಂದಿರ ಬಾಯಲ್ಲಿ ಹೀಗೆ ನೆಲೆಗೊಂಡಿತ್ತು.

ಹೆಂಗಸರ ಬಾಯಿಯ ಮಾತು ಬಂದುದರಿಂದ ವಿಜಾಪುರದ ಸೂಫಿಗಳ ಸಂಗತಿಯನ್ನು ಸ್ವಲ್ಪ ವಿಸ್ತರಿಸಿ ಹೇಳಬಹುದು. ಸೂಫಿಗಳು ಹಿಂಡುಹಿಂಡಾಗಿ ಜನರನ್ನು ಮತಾಂತರಿಸಿದರೆಂದು ಭಕ್ತರೂ ಹೇಳುತ್ತಾರೆ, ದ್ವೇಷಿಗಳೂ ಹೇಳುತ್ತಾರೆ. 1400ರ ಸುಮಾರಿಗೆ ಕಲಬುರ್ಗಿಗೆ ಬಂದು 1422ರಲ್ಲಿ ಅಲ್ಲಿಯೇ ಸಮಾಧಿಸ್ಥರಾದ ಬಂದೇನವಾಜರ ದರ್ಗಾಕ್ಕೆ ಎಲ್ಲ ಜಾತಿಯವರೂ ಇಂದಿಗೂ ನಡೆದುಕೊಳ್ಳುತ್ತಾರೆ. ಹಾಗೆ ನಡೆದುಕೊಳ್ಳುವ ಲಕ್ಷಾಂತರ ಜನ ಮುಸಲ್ಮಾನರೇನೂ ಆಗಲಿಲ್ಲ. ವಿಜಾಪುರದ ಸೂಫಿಗಳನ್ನು ಕುರಿತು 1978ರಲ್ಲಿ ಗ್ರಂಥ ಬರೆದ ರಿಚರ್ಡ್ ಈಟನ್ನರು ಗಮನಿಸಿದ ಸಂಗತಿ ಇನ್ನೂ ಸೂಕ್ಷ್ಮವಾದುದು. ಅಲ್ಲಿನ ಸೂಫಿ ಕವಿಗಳು ಪಾರಸಿ ಭಾಷೆಯ ಗಹನ ಗ್ರಂಥಗಳ ಜೊತೆಗೆ ದಖ್ಖನಿ ಮಾತಿನಲ್ಲಿ ಚಕ್ಕಿನಾಮೆ, ಚರಖಾನಾಮೆ ಎಂಬ ಹಾಡುಗಳನ್ನೂ ಕಟ್ಟಿದರು. ಅಂದರೆ ಬೀಸುವ ಕಲ್ಲಿನ ಪದ, ನೂಲುವ ರಾಟೆಯ ಪದ. ಬೀಸುಗಲ್ಲಿನ ಗೂಟವನ್ನು ದೇವರ ಹೆಸರಿನ ಮೊದಲಕ್ಷರಕ್ಕೆ ಹೋಲಿಸಿ, ನಸುಕಿನಲ್ಲಿ ಜೋಳ ಬೀಸುವ ಹೆಂಗಸಿನ ತೋಳಿನ ಲಯಕ್ಕೆ ನಾಮಸ್ಮರಣೆಯನ್ನು ಹೊಂದಿಸಿದರು. ಉತ್ತರ ಕರ್ನಾಟಕದ ಮನೆಗಳಲ್ಲಿ ಬೀಸುವ ಪದಗಳನ್ನು ಕೇಳಿ ಬೆಳೆದವರಿಗೆ ಇದರ ಶಕ್ತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಡಿದ ಹೆಂಗಸು ಮತಾಂತರಗೊಂಡೆನೆಂದು ಎಲ್ಲಿಯೂ ಹೇಳಲಿಲ್ಲ. ಆದರೆ ಅವಳ ತೊಡೆಯ ಮೇಲೆ ಮಲಗಿದ್ದ ಕೂಸು ಆ ಹೆಸರನ್ನು ಕೇಳಿಯೇ ಬೆಳೆಯಿತು. ಇಂತಹ ಹಾಡುಗಳು ದರ್ಗಾದ ಭಕ್ತಿಯೊಡನೆ ಸೇರಿ, ಯಾರ ಸಂಕಲ್ಪವೂ ಇಲ್ಲದೆ, ಕೆಲವು ತಲೆಮಾರುಗಳಲ್ಲಿ ಮನೆತನಗಳ ಧರ್ಮವನ್ನು ಬದಲಾಯಿಸಿದುವೆಂಬುದು ಈಟನ್ನರ ತರ್ಕ.

ಅದೇ ವಿದ್ವಾಂಸರು 1993ರ ತಮ್ಮ ಇನ್ನೊಂದು ಗ್ರಂಥದಲ್ಲಿ ಬಂಗಾಳದ ಒಗಟನ್ನು ಬಿಡಿಸಿದ್ದಾರೆ. 1872ರ ಜನಗಣತಿಯಲ್ಲಿ ಪೂರ್ವ ಬಂಗಾಳದ ಒಕ್ಕಲುಮಕ್ಕಳಲ್ಲಿ ಬಹುಪಾಲು ಮುಸಲ್ಮಾನರೆಂದು ತಿಳಿದುಬಂದಾಗ ಆಂಗ್ಲ ಅಧಿಕಾರಿಗಳು ಬೆಚ್ಚಿದರು. ಸುಲ್ತಾನರ ಮತ್ತು ಮೊಗಲರ ರಾಜಧಾನಿಗಳಾದ ದೆಹಲಿ ಆಗ್ರಾಗಳ ಸುತ್ತಮುತ್ತ ಮುಸಲ್ಮಾನರು ಅಲ್ಪಸಂಖ್ಯಾತರಾಗಿಯೇ ಉಳಿದಿರಲು, ಅಷ್ಟು ದೂರದ ಜವುಗುನೆಲದಲ್ಲಿ ಇಷ್ಟು ಜನ ಹೇಗೆ? ಕತ್ತಿ ಕಾರಣವಾಗಿದ್ದರೆ ಲೆಕ್ಕ ತಲೆಕೆಳಗಾಗಿರಬೇಕಾಗಿತ್ತು. ನಡೆದುದಿಷ್ಟು. ಗಂಗೆಯ ಮುಖ್ಯ ಪ್ರವಾಹ ಪೂರ್ವಕ್ಕೆ ಹೊರಳಿತು. ಹೊಸ ಮೆಕ್ಕಲುಮಣ್ಣು ಕಾಡಿನ ನೆಲಕ್ಕೆ ಬಂದಿತು. ಮೊಗಲರ ಕಾಲದಲ್ಲಿ ಕಾಡು ಕಡಿದು ಭತ್ತ ಬೆಳೆಯುವೆವೆಂದು ಮುಂದೆ ಬಂದವರಿಗೆ ಇನಾಮು ಭೂಮಿ ದೊರಕಿತು. ಹಾಗೆ ಬಂದವರಲ್ಲಿ ಅನೇಕರು ಪೀರರು. ಅವರು ಕಾಡಿನ ನಡುವೆ ಹುಲ್ಲುಮಾಡಿನ ಮಸೀದಿ ಕಟ್ಟಿದರು. ಅದರ ಸುತ್ತ ಬೇಡರು, ಬೆಸ್ತರು, ಅಲೆಮಾರಿ ಬೇಸಾಯಗಾರರು ಕೊಡಲಿ ಹಿಡಿದು ಸೇರಿದರು. ಗದ್ದೆಯೂ ಮಸೀದಿಯೂ ಒಂದೇ ಕಾಲದಲ್ಲಿ ಎದ್ದುವು. ಅಲ್ಲಾಹನನ್ನು ನಿರಂಜನನೆಂದೂ ಗೋಸಾಯಿಯೆಂದೂ ಕರೆಯುತ್ತಲೇ ಅವರು ಶತಮಾನಗಳನ್ನು ಕಳೆದರು. ತಾವು ಒಂದು ಧರ್ಮವನ್ನು ಬಿಟ್ಟು ಇನ್ನೊಂದನ್ನು ಹಿಡಿದೆವೆಂಬ ಅರಿವೇ ಅವರಿಗೆ ಇದ್ದಂತಿಲ್ಲ.

ಆಫ್ರಿಕದ ಪಶ್ಚಿಮ ಭಾಗದಲ್ಲಿ ಕಂಡುಬರುವುದು ಇನ್ನೂ ಆಶ್ಚರ್ಯಕರವಾದ ಒಂದು ಬೋಧೆ. ಚಿನ್ನ, ಉಪ್ಪುಗಳ ವ್ಯಾಪಾರ ನಡೆಸುತ್ತಿದ್ದ ದ್ಯೂಲ, ಜಹಾಂಕೆ ಜನರಲ್ಲಿ ಅಲ್-ಹಾಜ್ ಸಾಲಿಂ ಸುವಾರಿ ಎಂಬ ಗುರುವಿನ ಪರಂಪರೆಯಿದೆ. ನಂಬದವನು ದುಷ್ಟನಲ್ಲ, ತಿಳಿಯದವನು; ಕೆಲವರು ಹೆಚ್ಚು ಕಾಲ ತಿಳಿಯದೆಯೇ ಉಳಿಯಬೇಕೆಂಬುದು ದೇವರದೇ ಸಂಕಲ್ಪ; ಆದುದರಿಂದ ಮತಪ್ರಚಾರಕ್ಕೆ ಹೊರಡುವುದು ದೇವರ ಕೆಲಸದಲ್ಲಿ ಕೈಹಾಕಿದಂತೆ, ಎಂಬುದು ಆ ಪರಂಪರೆಯ ನಿಲುವು. ಮುಸಲ್ಮಾನನು ತನ್ನ ವಿದ್ಯೆಯನ್ನೂ ನಡತೆಯನ್ನೂ ಶುದ್ಧವಾಗಿಟ್ಟುಕೊಂಡು ಅನ್ಯ ದೊರೆಗಳ ಕೆಳಗೆ ಶಾಂತಿಯಿಂದ ಬಾಳಬೇಕು. ಪ್ರಚಾರವನ್ನೇ ಒಲ್ಲದವರ ಊರುಗಳಲ್ಲಿಯೂ ಧರ್ಮ ನಿಧಾನವಾಗಿ ಬೇರುಬಿಟ್ಟಿತು. ಮುಂದೆ ಹತ್ತೊಂಬತ್ತನೆಯ ಶತಮಾನದಲ್ಲಿ ಅದೇ ಸೀಮೆಯಲ್ಲಿ ಜಿಹಾದಿನ ಹೆಸರಿನಲ್ಲಿ ಯುದ್ಧಗಳೂ ನಡೆದುವು, ಮುಸಲ್ಮಾನ ರಾಜ್ಯಗಳೂ ಎದ್ದುವು. ಆದರೆ ಧರ್ಮವು ಅಲ್ಲಿ ಅತಿ ವೇಗವಾಗಿ ಹಬ್ಬಿದುದು ಅವುಗಳ ಪತನದ ಮೇಲೆ, ಫ್ರೆಂಚರೂ ಆಂಗ್ಲರೂ ಆಳುತ್ತಿದ್ದ ಕಾಲದಲ್ಲಿ. ಸೆನೆಗಾಲದ ಅಮದು ಬಂಬ ಎಂಬ ಗುರುವನ್ನು ಫ್ರೆಂಚರು 1895ರಲ್ಲಿ ಗಬೋನ್ ದೇಶಕ್ಕೆ ಗಡೀಪಾರು ಮಾಡಿ ಏಳು ವರ್ಷ ಅಲ್ಲಿಟ್ಟರು. ಆಯುಧವನ್ನೇ ಹಿಡಿಯದ ಅವರು ಹಿಂದಿರುಗಿದಾಗ ಶಿಷ್ಯರ ಸಂಖ್ಯೆ ಇಮ್ಮಡಿ ಮುಮ್ಮಡಿಯಾಗಿತ್ತು. ಹೊರಗಿನವರ ಆಳ್ವಿಕೆಯಲ್ಲಿ ತಮ್ಮ ಅರಸರನ್ನೂ ಹಳೆಯ ಊರುಕಟ್ಟನ್ನೂ ಕಳೆದುಕೊಂಡ ಜನಕ್ಕೆ ಆತ್ಮಗೌರವದೊಡನೆ ನಿಲ್ಲಲು ಒಂದು ಎಡೆ ಬೇಕಾಗಿತ್ತು. ಆಳುವವರ ಧರ್ಮಕ್ಕಿಂತ ಆಳುವವರು ಅಂಜಿದ ಧರ್ಮ ಅವರಿಗೆ ಹತ್ತಿರವೆನಿಸಿತು.

ಆತ್ಮಗೌರವದ ಮಾತು ಭಾರತದ ಓದುಗನನ್ನು ನೇರವಾಗಿ ಮುಟ್ಟುತ್ತದೆ. ಒಂದೇ ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವ ನಮಾಜು, ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಹಬಶಿ ಬಿಲಾಲನನ್ನೇ ಮೊದಲ ಬಾಂಗಿಗನನ್ನಾಗಿ ಮಾಡಿದ ಪೈಗಂಬರರ ನಡೆ, ಇವು ಕೆಳಗೊತ್ತಲ್ಪಟ್ಟವರ ಕಣ್ಣಿಗೆ ಎಂದಿನಿಂದಲೂ ಬಿದ್ದಿವೆ. ಅಮೇರಿಕದ ಕರಿಯರ ನಾಯಕ ಮಾಲ್ಕಮ್ ಎಕ್ಸ್ 1964ರಲ್ಲಿ ಮಕ್ಕೆಗೆ ಹೋಗಿ ಬಂದ ಮೇಲೆ ಬಿಳಿಯರನ್ನೆಲ್ಲ ಒಂದೇ ಸಮನೆ ದೂಷಿಸುವುದನ್ನು ಬಿಟ್ಟನು. 1981ರಲ್ಲಿ ತಮಿಳುನಾಡಿನ ತಿರುನೆಲ್ವೇಲಿ ಸೀಮೆಯ ಮೀನಾಕ್ಷಿಪುರದಲ್ಲಿ ಅಸ್ಪೃಶ್ಯರೆನಿಸಿಕೊಂಡಿದ್ದ ನೂರಾರು ಮಂದಿ ಒಟ್ಟಾಗಿ ಇಸ್ಲಾಂ ಸೇರಿದಾಗ ದೇಶವೆಲ್ಲ ಕಲಕಿತು. ಹೊರದೇಶದ ಹಣವೆಂದು ಕೆಲವರು ಕೂಗಿದರು. ಆ ಜನರು ಹೇಳಿದ ಕಾರಣ ಮಾತ್ರ ಸರಳವಾಗಿತ್ತು: ಮೇಲ್ಜಾತಿಯವರಿಂದ ದಿನದಿನವೂ ಅನುಭವಿಸಿದ ಅವಮಾನ. ಮನೆಯೊಳಗೆ ಎಡೆಗೊಡದೆ, ಹೊರಟು ಹೋದವನನ್ನು ಕದ್ದೊಯ್ದರೆಂದು ದೂರುವುದು ಯಾವ ನ್ಯಾಯ?

ಹಾಗೆಂದು ಈ ಸಮಾನತೆಯನ್ನು ಉತ್ಪ್ರೇಕ್ಷಿಸುವುದೂ ಬೇಡ. ಖಲೀಫರ ಇರಾಕಿನಲ್ಲಿ ಕರಿಯ ಗುಲಾಮರು 869ರಿಂದ 883ರವರೆಗೆ ಬಂಡೆದ್ದು ಹೋರಾಡಬೇಕಾಯಿತು. ಭಾರತದ ಮುಸಲ್ಮಾನರಲ್ಲಿಯೂ ಅಶ್ರಾಫ್, ಅಜ್ಲಾಫ್, ಅರ್ಜಾಲ್ ಎಂಬ ಮೇಲುಕೀಳುಗಳು ಉಳಿದುವು. ಬಂಗಾಳದ ಕಾಡು ಕಡಿದವರು ಬ್ರಾಹ್ಮಣ್ಯದ ಜಾತಿಕಟ್ಟಿನೊಳಗೆ ಪೂರ್ತಿಯಾಗಿ ಬಂದವರೇ ಅಲ್ಲವಾದುದರಿಂದ, ಅದರಿಂದ ತಪ್ಪಿಸಿಕೊಳ್ಳಲು ಮತಾಂತರಗೊಂಡರೆಂಬ ವಾದ ಅಲ್ಲಿ ನಿಲ್ಲುವುದಿಲ್ಲವೆಂದು ಈಟನ್ನರೇ ತೋರಿಸಿದ್ದಾರೆ. ಒಂದೂರಿನ ಕಾರಣವನ್ನು ಎಲ್ಲ ಊರಿಗೂ ಹೊರಿಸಲಾಗದು.

ಧರ್ಮದ ರಚನೆಯಲ್ಲಿಯೇ ಇರುವ ಒಂದೆರಡು ಕಾರಣಗಳನ್ನು ಇಲ್ಲಿ ಸೂಚಿಸಬೇಕು. ಒಳಗೆ ಬರುವ ಬಾಗಿಲು ಅಗಲವಾಗಿದೆ: ದೇವರೊಬ್ಬನೇ, ಮಹಮ್ಮದರು ಅವನ ದೂತರು ಎಂಬ ಒಂದು ಸಾಕ್ಷಿವಾಕ್ಯವನ್ನು ಮನಃಪೂರ್ವಕವಾಗಿ ಉಚ್ಚರಿಸಿದರಾಯಿತು, ಪುರೋಹಿತನು ಬೇಡ, ಕುಲ ಬೇಡ. ಬಂದವನನ್ನು ಹಿಡಿದಿಡುವ ಕಟ್ಟುಗಳೂ ಗಟ್ಟಿಯಾಗಿವೆ: ದಿನಕ್ಕೆ ಐದು ಹೊತ್ತಿನ ನಮಾಜು, ವರ್ಷಕ್ಕೊಮ್ಮೆ ಇಡೀ ಊರೇ ಕೂಡಿ ಹಿಡಿಯುವ ಉಪವಾಸ, ಬಡವನಿಗೆ ಸಲ್ಲಬೇಕಾದ ಝಕಾತ್. ಆದರೆ ಹೊರಗೆ ಹೋಗುವ ಬಾಗಿಲು ಇಕ್ಕಟ್ಟಾದುದು. ಧರ್ಮವನ್ನು ತೊರೆದವನಿಗೆ ಮರಣದಂಡನೆ ವಿಧಿಸುವ ಶಾಸನ ಕೆಲವು ದೇಶಗಳಲ್ಲಿ ಇನ್ನೂ ಉಂಟು. ಸುಡಾನ್ ದೇಶ ಅದನ್ನು 2020ರಲ್ಲಿ ತೆಗೆದುಹಾಕಿತು. ಮುಸಲ್ಮಾನ ಪುರುಷನು ಯಹೂದ್ಯ ಅಥವಾ ಕ್ರೈಸ್ತ ಹೆಂಗಸನ್ನು ಮದುವೆಯಾಗಬಹುದು. ಮುಸಲ್ಮಾನ ಹೆಂಗಸು ಅನ್ಯಧರ್ಮೀಯನನ್ನು ವರಿಸುವುದನ್ನು ಸಾಂಪ್ರದಾಯಿಕ ಶಾಸ್ತ್ರ ಒಪ್ಪದು. ಮಕ್ಕಳು ತಂದೆಯ ಧರ್ಮಕ್ಕೆ ಸೇರುತ್ತಾರೆ. ಟ್ಯುನೀಷಿಯ ದೇಶವು 2017ರಲ್ಲಿ ಈ ನಿರ್ಬಂಧವನ್ನು ಸಡಿಲಿಸಿತು. ಬರುವವರಿಗೆ ತೆರೆದು ಹೋಗುವವರಿಗೆ ಮುಚ್ಚಿದ ಬಾಗಿಲಿನ ಮನೆಯಲ್ಲಿ ಜನ ಹೆಚ್ಚುವುದು ಸಹಜ. ಆ ಹೆಚ್ಚಳ ಮನೆಯ ಸೊಬಗಿಗೆ ಪ್ರಮಾಣವಾಗದು. ಬಾಗಿಲನ್ನು ತೆರೆದಿಟ್ಟ ಮೇಲೂ ಉಳಿದವರೆಷ್ಟೆಂಬುದೇ ಪ್ರಮಾಣ. ಇದನ್ನು ಅರಿತ ಮುಸಲ್ಮಾನ ವಿದ್ವಾಂಸರೇ ಆ ದಂಡನೆಯ ವಿರುದ್ಧ ಬರೆದಿದ್ದಾರೆ.

ಬಾಗಿಲು ಎರಡು ಕಡೆಗೂ ತೆರೆದಿರುವ ಅಮೇರಿಕದಂತಹ ದೇಶದಲ್ಲಿ ಏನಾಗಿದೆ? ಮುಸಲ್ಮಾನರಾಗಿ ಬೆಳೆದ ವಯಸ್ಕರಲ್ಲಿ ಸುಮಾರು ನಾಲ್ವರಲ್ಲೊಬ್ಬರು ತಾವು ಈಗ ಮುಸಲ್ಮಾನರಲ್ಲವೆನ್ನುತ್ತಾರೆಂದೂ, ಹೊರಗಿನಿಂದ ಬಂದು ಸೇರಿದವರ ಸಂಖ್ಯೆಯೂ ಬಹುಮಟ್ಟಿಗೆ ಅಷ್ಟೇ ಆದುದರಿಂದ ಲೆಕ್ಕ ಸರಿದೂಗುತ್ತದೆಂದೂ ಪ್ಯೂ ಕೇಂದ್ರದ 2017ರ ಸಮೀಕ್ಷೆ ತೋರಿಸಿತು.

ಹಾಗಾದರೆ ಇಂದಿನ ಬೆಳವಣಿಗೆಗೆ ಮುಖ್ಯ ಕಾರಣವೇನು? ಉತ್ತರ ಅತ್ಯಂತ ಸಾಧಾರಣವಾದುದು: ಹುಟ್ಟು. ಮತಾಂತರದಿಂದ ಆದ ಏರಿಳಿತ ಒಟ್ಟು ಲೆಕ್ಕದಲ್ಲಿ ಕಾಣದಷ್ಟು ಅಲ್ಪ. 2010ರಲ್ಲಿ ಜಗತ್ತಿನ ಮುಸಲ್ಮಾನರಲ್ಲಿ ನೂರಕ್ಕೆ 34 ಮಂದಿ ಹದಿನೈದು ವರ್ಷದೊಳಗಿನ ಮಕ್ಕಳಾಗಿದ್ದರು. ಒಟ್ಟು ಲೋಕದಲ್ಲಿ ಆ ಪಾಲು 27. ಒಬ್ಬ ಮುಸಲ್ಮಾನ ಹೆಂಗಸಿಗೆ ಸರಾಸರಿ 3.1 ಮಕ್ಕಳಾದರೆ ಕ್ರೈಸ್ತ ಹೆಂಗಸಿಗೆ 2.7. ಎಳೆಯರು ಹೆಚ್ಚಿರುವ ಜನಾಂಗ ಬೆಳೆಯುತ್ತದೆ, ಮುದುಕರು ಹೆಚ್ಚಿರುವ ಜನಾಂಗ ಕುಗ್ಗುತ್ತದೆ. ಇದರಲ್ಲಿ ದೇವತಾಶಾಸ್ತ್ರದ ಗುಟ್ಟೇನೂ ಇಲ್ಲ.

ಹೆಚ್ಚು ಮಕ್ಕಳನ್ನು ಹೆರಿಸುವುದು ಧರ್ಮವೇ ಎಂದು ಕೇಳಬಹುದು. ಇರಾನಿನ ಉದಾಹರಣೆ ಇದಕ್ಕೆ ಉತ್ತರ ಹೇಳುತ್ತದೆ. 1979ರ ಕ್ರಾಂತಿಯ ತರುವಾಯದ ವರ್ಷಗಳಲ್ಲಿ ಅಲ್ಲಿನ ತಾಯಿಗೆ ಆರಕ್ಕೂ ಹೆಚ್ಚು ಮಕ್ಕಳು. 1989ರಲ್ಲಿ ಮುಲ್ಲಾಗಳ ಸರ್ಕಾರವೇ ಕುಟುಂಬ ಯೋಜನೆಯನ್ನು ಕೈಗೆತ್ತಿಕೊಂಡಿತು. ಹುಡುಗಿಯರು ಶಾಲೆಗೆ ಹೋದರು. ಶತಮಾನ ಮುಗಿಯುವ ವೇಳೆಗೆ ಎರಡರ ಸುಮಾರಿಗೆ ಇಳಿಯಿತು. ಧರ್ಮ ಅದೇ, ಕುರಾನ್ ಅದೇ, ಮಕ್ಕಳ ಲೆಕ್ಕ ಮಾತ್ರ ಬದಲಾಯಿತು. ಬಂಗ್ಲಾದೇಶದಲ್ಲಿ ಊರಿನ ಹೆಂಗಸರೇ ಮನೆಮನೆಗೆ ಹೋಗಿ ತಿಳಿವಳಿಕೆ ಕೊಟ್ಟುದರಿಂದ ಆರಕ್ಕೂ ಮೀರಿದ್ದುದು ಎರಡೂಕಾಲರ ಆಸುಪಾಸಿಗೆ ಬಂದಿತು. ಭಾರತದಲ್ಲಿ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1992-93ರಲ್ಲಿ ಮುಸಲ್ಮಾನ ಹೆಂಗಸಿಗೆ 4.4 ಮಕ್ಕಳಿದ್ದುದು 2019-21ರಲ್ಲಿ 2.36 ಆಯಿತು, ಹಿಂದೂ ಹೆಂಗಸಿಗೆ 3.3 ಇದ್ದುದು 1.94 ಆಯಿತು. ಕೇರಳದ ಮುಸಲ್ಮಾನ ತಾಯಿಗೆ ಬಿಹಾರದ ಹಿಂದೂ ತಾಯಿಗಿಂತ ಮಕ್ಕಳು ಕಡಮೆ. ತೊಟ್ಟಿಲ ಲೆಕ್ಕವನ್ನು ಬರೆಯುವುದು ಓದು, ಆರೋಗ್ಯ, ಸಂಪಾದನೆಗಳು. ಜಪಮಾಲೆಯ ಪಾಲು ಅಲ್ಲಿ ಅಲ್ಪ. ಈ ಅಂಕಿಗಳನ್ನು ಬಲ್ಲವನು ನೆರೆಮನೆಯ ತೊಟ್ಟಿಲನ್ನು ಕಂಡು ಅಂಜಬೇಕಾದುದಿಲ್ಲ. ಅಂಜಿಕೆಯನ್ನು ಬಿತ್ತುವವರು ಈ ಅಂಕಿಗಳನ್ನು ಹೇಳುವುದಿಲ್ಲ. ಹಾಗೆ ಬಿತ್ತಿದ ಅಂಜಿಕೆಯಿಂದ ನಿರಪರಾಧಿಗಳ ಮನೆಗಳು ಸುಟ್ಟುಹೋದ ನಿದರ್ಶನಗಳು ಯಾವ ಒಂದು ದೇಶಕ್ಕೂ ಸೀಮಿತವಲ್ಲ.

ಹೆಮ್ಮೆಪಡುವವನಿಗೂ ಇದೇ ಲೆಕ್ಕ ಉತ್ತರ. ತೊಟ್ಟಿಲಲ್ಲಿ ಮಲಗಿದ ಕೂಸು ಯಾವ ಧರ್ಮವನ್ನೂ ಪರೀಕ್ಷಿಸಿ ಆರಿಸಿಕೊಂಡಿಲ್ಲ. ಅದನ್ನು ಧರ್ಮದ ಗೆಲವಿನ ಖಾತೆಗೆ ಬರೆಯುವುದಾದರೆ, ಮಳೆ ಚೆನ್ನಾಗಿ ಬಂದ ವರ್ಷದ ಜೋಳವನ್ನೂ ಬರೆಯಬಹುದು. ಹುಟ್ಟಿದ ಮಾತ್ರದಿಂದ ಭಕ್ತನಾಗುವುದಿಲ್ಲ, ನಡೆಯಿಂದ ಆಗಬೇಕೆಂಬ ವಿಚಾರವನ್ನು ಈ ನಾಡಿನ ಶರಣರು ಎಂಟುನೂರು ವರ್ಷಗಳ ಹಿಂದೆಯೇ ಹೇಳಿದರು. ಆ ತೂಕದ ಕಲ್ಲನ್ನು ಪರಧರ್ಮಕ್ಕೆ ಮಾತ್ರ ಬಳಸಿ ಸ್ವಂತ ಮನೆಯ ಗಂಟನ್ನು ತೂಗದೆ ಬಿಡುವುದು ಸರಿಯಲ್ಲ. ಪಾರಸಿಕ ವಂಶಾವಳಿಯಲ್ಲಿ ಹೆಸರು ಬದಲಾಯಿಸಿದ ಮೊದಲ ಮನುಷ್ಯ, ವಿಜಾಪುರದ ಬೀಸುಗಲ್ಲಿನ ಮುಂದಿನ ಹೆಂಗಸು, ಬಂಗಾಳದ ಕಾಡಿನಲ್ಲಿ ಕೊಡಲಿ ಇಳಿಸಿ ಮೊದಲ ಬಾರಿಗೆ ಸಾಲಿನಲ್ಲಿ ನಿಂತ ಬೆಸ್ತ, ಮೀನಾಕ್ಷಿಪುರದ ಕೂಲಿಗಾರ, ಇವರಲ್ಲಿ ಒಬ್ಬೊಬ್ಬರ ಒಳಗೂ ಏನೋ ಒಂದು ನಡೆದಿತ್ತು. ಆಸೆಯಿರಬಹುದು, ಅವಮಾನದ ಬೇಗೆಯಿರಬಹುದು, ದೇವರ ದರ್ಶನವೇ ಇರಬಹುದು. ಅದನ್ನು ಕಂಡುಹಿಡಿಯುವ ಚರಿತಕೋಶವಿಲ್ಲ.

ಜನಗಣತಿಯವನು ಬಾಗಿಲಿಗೆ ಬಂದು ಮನೆಯ ಯಜಮಾನನನ್ನು ಕೇಳುತ್ತಾನೆ. ಯಜಮಾನನು ಎಲ್ಲರ ಪರವಾಗಿ ಒಂದೇ ಮಾತಿನಲ್ಲಿ ಧರ್ಮವನ್ನು ಹೇಳುತ್ತಾನೆ. ಐದು ಹೊತ್ತೂ ತಪ್ಪದೆ ಪ್ರಾರ್ಥಿಸುವ ಮುದುಕಿ ಒಂದು, ಹಬ್ಬಕ್ಕೆ ಮಾತ್ರ ಮಸೀದಿಗೆ ಹೋಗುವ ಮಗ ಒಂದು, ದೇವರಿದ್ದಾನೆಯೆ ಎಂದು ರಾತ್ರಿಯೆಲ್ಲ ನಿದ್ದೆಗೆಟ್ಟು ಯೋಚಿಸುವ ಮೊಮ್ಮಗ ಒಂದು, ಇನ್ನೂ ಮಾತು ಬಾರದ ಕೂಸು ಒಂದು. ಗಣತಿಯವನು ನಾಲ್ಕು ಎಂದು ಬರೆದುಕೊಂಡು ಮುಂದಿನ ಮನೆಗೆ ಹೋಗುತ್ತಾನೆ.